ಥರ್ಮಾಕೋಲ್ ಗೋಡೆಗೆ ಕಾಂಕ್ರೀಟ್ ತುಂಬುವಾಗ ಮೂರು ಸುತ್ತು ಏಕೆ?

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಕೆನಡಾದ ಒಂಟಾರಿಯೊದಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ನೆಲಮಾಳಿಗೆಯ ಗೋಡೆಗೆ ಇಟ್ಟಿಗೆಯೂ ಇಲ್ಲ, ಸೆಂಟ್ರಿಂಗ್ ಹಲಗೆಯೂ ಇಲ್ಲ. ಟೀವಿ ಪೆಟ್ಟಿಗೆಯಲ್ಲಿ ಬರುವಂಥ ಥರ್ಮಾಕೋಲಿನ ಟೊಳ್ಳು ಬ್ಲಾಕುಗಳನ್ನು ಒಂದರ ಮೇಲೊಂದು ಜೋಡಿಸಿ, ಒಳಗೆ ಕಂಬಿ ಇಟ್ಟು, ಪಂಪಿನಿಂದ ಕಾಂಕ್ರೀಟ್ ತುಂಬಿದ್ದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದರು. ಉಗುರು ತಾಗಿದರೆ ಉದುರುವ ಥರ್ಮಾಕೋಲ್ ಅಷ್ಟು ಭಾರವನ್ನು ಹೇಗೆ ತಡೆಯುತ್ತದೆ? ಒಂದು ಗೋಡೆ ಮುಗಿಸಿ ಇನ್ನೊಂದಕ್ಕೆ ಹೋಗುವುದು ಬಿಟ್ಟು ಪಂಪಿನವರು ಇಡೀ ಮನೆಗೆ ಮೂರು ಸುತ್ತು ಬಂದರು, ಅದೇಕೆ? ಆಮೇಲೆ ನೀರೂ ಹಾಕುವುದಿಲ್ಲವಂತೆ. ಇಂಥ ಗೋಡೆ ಗಟ್ಟಿಯೇ?
– ಒಬ್ಬ ಓದುಗರು, ತಿಪಟೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ನಿಮಗೆ ಸಮಾಧಾನವಾಗಲಿ. ಸರಿಯಾಗಿ ತುಂಬಿದ್ದರೆ ಆ ಗೋಡೆ ಬಹಳ ಗಟ್ಟಿ. ಕೆಲಸ ಮುಗಿದ ಮೇಲೆ ಅಲ್ಲಿ ಮನೆಯ ಭಾರ ಹೊರುವುದು ಕಂಬಿ ಕಟ್ಟಿದ ಎಂಟು ಇಂಚಿನ ಕಾಂಕ್ರೀಟ್. ಥರ್ಮಾಕೋಲ್ ಅದಕ್ಕೆ ಒಳಗೂ ಹೊರಗೂ ಹೊದಿಸಿದ ಕಂಬಳಿಯಾಗಿ ಉಳಿದುಕೊಳ್ಳುತ್ತದೆ. ಆದರೆ ‘ಸರಿಯಾಗಿ ತುಂಬಿದ್ದರೆ’ ಎಂಬ ಮಾತಿನ ಮೇಲೆ ಎಲ್ಲವೂ ನಿಂತಿದೆ. ತುಂಬುವ ಆ ಎರಡು ಮೂರು ಗಂಟೆಗಳಲ್ಲಿ ಕಾಂಕ್ರೀಟ್ ಎಷ್ಟು ಬೇಗ ಮೇಲೇರಿತು ಎನ್ನುವುದೇ ಈ ಗೋಡೆಯ ಹಣೆಬರಹ. ನೀವು ಕಂಡ ಮೂರು ಸುತ್ತು ಆ ವೇಗವನ್ನು ಹಿಡಿತದಲ್ಲಿಡುವ ಉಪಾಯ.

ಮೊದಲು ಬ್ಲಾಕನ್ನೇ ನೋಡೋಣ. ಉದ್ದ ನಾಲ್ಕು ಅಡಿ, ಎತ್ತರ 16 ಇಂಚು. ಸುಮಾರು ಎರಡೂವರೆ ಇಂಚು ದಪ್ಪದ ಎರಡು ಥರ್ಮಾಕೋಲ್ ಹಲಗೆಗಳು ಎದುರುಬದುರಾಗಿ ನಿಂತಿರುತ್ತವೆ. ನಡುವೆ ಆರು, ಎಂಟು, ಹತ್ತು ಇಂಚು ಹೀಗೆ ಬೇಕಾದ ಅಗಲದ ಖಾಲಿ ಜಾಗ. ನೆಲಮಾಳಿಗೆಗೆ ಸಾಮಾನ್ಯವಾಗಿ ಎಂಟು ಇಂಚು. ಅಂಚಿನಲ್ಲಿ ಹಲ್ಲುಗಳಿರುವುದರಿಂದ ಮೇಲಿನ ಬ್ಲಾಕ್ ಕೆಳಗಿನದನ್ನು ಕಚ್ಚಿಕೊಂಡು ಕೂರುತ್ತದೆ. ಇಟ್ಟಿಗೆ ಕಟ್ಟುವಾಗ ನಮ್ಮ ಗಾರೆಯವರು ಮಾಡುವಂತೆಯೇ ಅಲ್ಲಿಯೂ ಒಂದು ವರಸೆಯ ಸಂದು ಮುಂದಿನ ವರಸೆಯ ಸಂದಿನ ಮೇಲೆ ಬರದಂತೆ ಜೋಡಿಸುತ್ತಾರೆ.

ಈ ಹಲಗೆ ಘನ ಮೀಟರಿಗೆ ಸುಮಾರು 24 ಕೆಜಿ ತೂಗುತ್ತದೆ. ಪ್ಯಾಕಿಂಗಿಗೆ ಬರುವುದಕ್ಕಿಂತ ಸಾಮಾನ್ಯವಾಗಿ ಒತ್ತಾದದ್ದು. ಆದರೂ ಭಾರ ತಡೆಯುವ ಮುಖ್ಯ ಕೆಲಸ ಹಲಗೆಯದಲ್ಲ. ಎರಡು ಹಲಗೆಗಳ ನಡುವೆ ಆರು ಅಥವಾ ಎಂಟು ಇಂಚಿಗೊಂದರಂತೆ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಹಲಗೆಯನ್ನು ಅಚ್ಚಿಗೆ ಹಾಕುವಾಗಲೇ ಪಟ್ಟಿಯ ಎರಡೂ ತುದಿಗಳನ್ನು ಅದರೊಳಗೆ ಹೂತುಬಿಟ್ಟಿರುತ್ತಾರೆ. ಹತ್ತಿಯ ಗಾದಿಯನ್ನು ನೆನಪಿಸಿಕೊಳ್ಳಿ. ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಅಲ್ಲಲ್ಲಿ ದಾರ ಹಾಕಿ ಬಿಗಿಯುವುದರಿಂದಲೇ ಒಳಗಿನ ಹತ್ತಿ ಎಷ್ಟು ಒತ್ತಿದರೂ ಗಾದಿ ಚಪ್ಪಟೆಯಾಗಿ ಉಳಿಯುತ್ತದೆ. ದಾರ ಕಿತ್ತಲ್ಲಿ ಗುಬ್ಬಿ ಏಳುತ್ತದೆ. ಇಲ್ಲಿ ಆ ದಾರದ ಕೆಲಸ ಈ ಪಟ್ಟಿಗಳದು. ಹಲಗೆ ತಡೆಯಬೇಕಾದದ್ದು ಒಂದು ಪಟ್ಟಿಗೂ ಮುಂದಿನ ಪಟ್ಟಿಗೂ ನಡುವಿನ ಗೇಣಗಲದ ಜಾಗದಲ್ಲಿ ಮಾತ್ರ.

ಈ ವಿಧಾನ ನಿಮ್ಮ ಮಗಳಿರುವ ದೇಶದ್ದೇ ಕೊಡುಗೆ. ವರ್ನರ್ ಗ್ರೆಗೊರಿ ಎಂಬ ಕೆನಡಾದ ಗುತ್ತಿಗೆದಾರರು 1966ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅವರ ಬ್ಲಾಕೂ 16 ಇಂಚು ಎತ್ತರ, 48 ಇಂಚು ಉದ್ದದ್ದು, ಪಟ್ಟಿಗಳು ಮಾತ್ರ ಆಗ ಲೋಹದವು. ಅಲ್ಲಿ ಇದು ಹುಟ್ಟಿದ್ದಕ್ಕೆ ಕಾರಣವನ್ನು ಹವೆಯಲ್ಲಿ ಹುಡುಕಬೇಕು. ಟೊರಾಂಟೊ ಸುತ್ತಮುತ್ತ ಚಳಿಗಾಲದಲ್ಲಿ ನೆಲ ನಾಲ್ಕು ಅಡಿ ಆಳದವರೆಗೆ ಹೆಪ್ಪುಗಟ್ಟಬಹುದೆಂದು ಲೆಕ್ಕ ಹಾಕಿ ಪಾಯ ತೆಗೆಯುತ್ತಾರೆ. ಅಷ್ಟು ಆಳ ಅಗೆದ ಮೇಲೆ ಇನ್ನಷ್ಟು ಅಗೆದು ನೆಲಮಾಳಿಗೆಯನ್ನೇ ಮಾಡಿಕೊಳ್ಳುತ್ತಾರೆ. ಅದು ಬೆಚ್ಚಗಿರಬೇಕು. ಎರಡೂ ಕಡೆ ಸೇರಿ ಐದು ಇಂಚು ಥರ್ಮಾಕೋಲ್ ತಡೆಯುವಷ್ಟು ಶಾಖವನ್ನು ಬರೀ ಕಾಂಕ್ರೀಟಿನಿಂದ ತಡೆಯಬೇಕೆಂದರೆ ಗೋಡೆ ಸುಮಾರು 20 ಅಡಿ ದಪ್ಪ ಇರಬೇಕಾಗುತ್ತದೆ. ಸೆಂಟ್ರಿಂಗ್ ಬಿಚ್ಚುವ ಕೂಲಿಯೂ ಉಳಿಯುತ್ತದೆ, ಮನೆಯೂ ಬೆಚ್ಚಗಾಗುತ್ತದೆ.

ಈಗ ಒತ್ತಡದ ಮಾತಿಗೆ ಬರೋಣ. ಹಸಿ ಕಾಂಕ್ರೀಟ್ ಕಲ್ಲುಮಣ್ಣಿನ ರಾಶಿಯಂತೆ ಕಂಡರೂ, ವೈಬ್ರೇಟರ್ ತಾಗಿದ ಗಳಿಗೆಯಲ್ಲಿ ದ್ರವದಂತೆ ವರ್ತಿಸುತ್ತದೆ. ದ್ರವ ಕೆಳಕ್ಕೆ ಒತ್ತುವಷ್ಟೇ ಬಲವಾಗಿ ಪಕ್ಕಕ್ಕೂ ಒತ್ತುತ್ತದೆ. ಈ ಒತ್ತಡ ಆಳವನ್ನು ಅವಲಂಬಿಸುತ್ತದೆಯೇ ಹೊರತು ಅಗಲವನ್ನಲ್ಲ. ಆರು ಇಂಚಿನ ಗೋಡೆಯಾದರೂ ಹನ್ನೆರಡು ಇಂಚಿನದಾದರೂ ಎಂಟು ಅಡಿ ಆಳದಲ್ಲಿ ಒತ್ತಡ ಒಂದೇ. ತೆಳು ಗೋಡೆ, ಕಾಂಕ್ರೀಟ್ ಕಡಿಮೆ, ಆದ್ದರಿಂದ ಅಪಾಯವೂ ಕಡಿಮೆ ಎಂದು ಅನುಭವಿ ಮೇಸ್ತ್ರಿಗಳೂ ಎಷ್ಟೋ ಸಲ ನಂಬಿರುತ್ತಾರೆ. ನಿಜ ಏನೆಂದರೆ ತೆಳು ಗೋಡೆ ಬೇಗ ತುಂಬುತ್ತದೆ, ಹಾಗಾಗಿ ಅಪಾಯ ಅಲ್ಲೇ ಹೆಚ್ಚು.

ಲೆಕ್ಕ ಸುಲಭ, ನೀವೇ ಮಾಡಬಹುದು. ಒಂದು ಘನ ಅಡಿ ಕಾಂಕ್ರೀಟ್ ಸುಮಾರು 68 ಕೆಜಿ. ಎಂಟು ಅಡಿ ಎತ್ತರದ ಗೋಡೆಯನ್ನು ಒಂದೇ ಸಲ ತುಂಬಿದರೆ ಬುಡದಲ್ಲಿ ಪ್ರತಿ ಚದರ ಅಡಿಗೆ 68ರ ಎಂಟರಷ್ಟು, ಅಂದರೆ 544 ಕೆಜಿ ಒತ್ತಡ. ಒಂದು ಬ್ಲಾಕಿನ ಒಂದು ಮುಖ ಸುಮಾರು 5.3 ಚದರ ಅಡಿ. ಹೀಗೆ ಬುಡದ ವರಸೆಯ ಒಂದೊಂದು ಬ್ಲಾಕಿನ ಮೇಲೂ ಹತ್ತಿರಹತ್ತಿರ 2,900 ಕೆಜಿ ಒತ್ತುತ್ತದೆ. ಎಂಟು ಇಂಚಿಗೊಂದು ಪಟ್ಟಿ ಇದ್ದರೆ ಬ್ಲಾಕಿಗೆ ಆರು. ಒಂದೊಂದರ ಪಾಲಿಗೆ 480 ಕೆಜಿಗೂ ಮಿಗಿಲು. ಒತ್ತಡವನ್ನು ಚದರ ಅಡಿಗೆ 300 ಕೆಜಿಗೆ ಇಳಿಸಿದರೆ ಒಂದು ಪಟ್ಟಿಯ ಪಾಲು 270 ಕೆಜಿಯ ಆಸುಪಾಸಿಗೆ ಬರುತ್ತದೆ. ಗೋಡೆ ನಿಲ್ಲುವುದಕ್ಕೂ ಒಡೆಯುವುದಕ್ಕೂ ಇರುವ ಅಂತರ ಇದರಲ್ಲಿದೆ.

ಒತ್ತಡವನ್ನು ಇಳಿಸುವುದು ಹೇಗೆ? ಕಾಂಕ್ರೀಟಿನ ತೂಕ ಬದಲಾಗದು, ಗೋಡೆಯ ಎತ್ತರವೂ ಬದಲಾಗದು. ನಮ್ಮ ಕೈಯಲ್ಲಿರುವುದು ಸಮಯ ಒಂದೇ. ಹಾಕಿದ ಕಾಂಕ್ರೀಟನ್ನು ಅಲುಗಾಡಿಸದೆ ಬಿಟ್ಟರೆ ಅದು ಗಟ್ಟಿಯಾಗುವುದಕ್ಕೆ ಬಹಳ ಮೊದಲೇ ಬಿಗಿಯತೊಡಗುತ್ತದೆ. ಜಲ್ಲಿಗೆ ಜಲ್ಲಿ ತಾಗಿ ಕೂರುತ್ತದೆ, ಸಿಮೆಂಟಿನ ತಿಳಿ ಅಂಟಾಗುತ್ತದೆ, ಕಂಬಿಗೂ ಪಟ್ಟಿಗೂ ಉಜ್ಜಿ ನಿಂತು ತನ್ನ ಭಾರವನ್ನು ಸ್ವಲ್ಪ ಸ್ವಲ್ಪ ತಾನೇ ಹೊರತೊಡಗುತ್ತದೆ. ಹಾಗೆ ಬಿಗಿದ ಪದರದ ಮೇಲೆ ಹೊಸ ಕಾಂಕ್ರೀಟ್ ಬಿದ್ದರೆ ಅದರ ಪೂರ್ತಿ ಭಾರ ಪಕ್ಕದ ಹಲಗೆಗೆ ತಟ್ಟುವುದಿಲ್ಲ.

ಮೂರು ಸುತ್ತಿನ ಲೆಕ್ಕ ಇಲ್ಲಿದೆ. ನಿಮ್ಮ ಮಗಳ ಮನೆ 30 ಅಡಿ ಅಗಲ, 35 ಅಡಿ ಉದ್ದ ಎಂದುಕೊಳ್ಳಿ. ನಾಲ್ಕೂ ಗೋಡೆ ಸೇರಿ 130 ಅಡಿ. ಎಂಟು ಇಂಚು ಅಗಲ, ಎಂಟು ಅಡಿ ಎತ್ತರಕ್ಕೆ ಸುಮಾರು ಇಪ್ಪತ್ತು ಘನ ಮೀಟರ್ ಕಾಂಕ್ರೀಟ್ ಬೇಕು. ಮೂರು ಲಾರಿ ಲೋಡು. ಒಂದು ಲೋಡು ಸುತ್ತಲೂ ಹರಡಿದರೆ ಗೋಡೆ ಎರಡು ಅಡಿ ಎಂಟು ಇಂಚು ಏರುತ್ತದೆ. ಲಾರಿ ಖಾಲಿಯಾಗಲು 40 ನಿಮಿಷ ಹಿಡಿದರೆ ಏರುವ ವೇಗ ಗಂಟೆಗೆ ನಾಲ್ಕು ಅಡಿ. ಪಂಪ್ ಮತ್ತೆ ಮೊದಲ ಮೂಲೆಗೆ ಬರುವ ಹೊತ್ತಿಗೆ ಅಲ್ಲಿನ ಪದರಕ್ಕೆ 40 ನಿಮಿಷ ವಿಶ್ರಾಂತಿ ಸಿಕ್ಕಿರುತ್ತದೆ.

ಅದೇ ಪಂಪ್, ಅದೇ ವೇಗದಲ್ಲಿ, ಒಂದೇ ಕಡೆ ನಿಂತು 35 ಅಡಿಯ ಒಂದು ಗೋಡೆಯನ್ನು ಮುಗಿಸಿಬಿಡುತ್ತೇನೆಂದು ಹೊರಟರೆ ಅರ್ಧ ಗಂಟೆಯಲ್ಲಿ ಎಂಟು ಅಡಿಯೂ ತುಂಬಿರುತ್ತದೆ. ಬುಡದ ಕಾಂಕ್ರೀಟ್ ಇನ್ನೂ ದ್ರವವಾಗಿಯೇ ಇದ್ದು 544 ಕೆಜಿಯ ಪೂರ್ತಿ ಒತ್ತಡ ಹಲಗೆಗೆ ಬೀಳುತ್ತದೆ. ಪಂಪಿನಿಂದ ಬಂದ ಕಾಂಕ್ರೀಟ್ ಒಂದೇ, ಬ್ಲಾಕೂ ಒಂದೇ. ಒಂದು ಕಡೆ ಗೋಡೆ ನಿಲ್ಲುತ್ತದೆ, ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಇದಕ್ಕೆ ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಎಸಿಐ 347 ಮಾರ್ಗದರ್ಶಿಯಲ್ಲಿ ಒಂದು ಸೂತ್ರವಿದೆ. ಥರ್ಮಾಕೋಲಿಗೆ ಮಾತ್ರವಲ್ಲ, ಹಲಗೆ, ಉಕ್ಕು ಯಾವ ಅಚ್ಚಿಗಾದರೂ ಅದು ಅನ್ವಯಿಸುತ್ತದೆ. ಅದರಲ್ಲಿ ಏರುವ ವೇಗದ ಜೊತೆ ಕಾಂಕ್ರೀಟಿನ ಉಷ್ಣತೆಯೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ನಾಲ್ಕು ಅಡಿ ವೇಗದಲ್ಲಿ ತುಂಬುವಾಗ ಕಾಂಕ್ರೀಟ್ 21 ಡಿಗ್ರಿ ಸೆಲ್ಸಿಯಸ್ ಇದ್ದರೆ ಒತ್ತಡ ಚದರ ಅಡಿಗೆ ಸುಮಾರು 300 ಕೆಜಿ. ಅದೇ ವೇಗ, ಆದರೆ ಕಾಂಕ್ರೀಟ್ 5 ಡಿಗ್ರಿಯಷ್ಟು ತಣ್ಣಗಿದ್ದರೆ ಸುಮಾರು 465 ಕೆಜಿ. ಥಂಡಿಗೆ ಸಿಮೆಂಟ್ ನಿಧಾನವಾಗಿ ಬಿಗಿಯುತ್ತದೆ, ಒತ್ತಡ ಹೆಚ್ಚು ಹೊತ್ತು ಉಳಿಯುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಅಲ್ಲಿಯ ರೆಡಿಮಿಕ್ಸ್‌ನವರು ಬಿಸಿನೀರಿನಲ್ಲಿ ಕಲಸಿ ಕಳಿಸುತ್ತಾರೆ, ಪಂಪಿನವರು ಸುತ್ತನ್ನು ಇನ್ನೂ ನಿಧಾನ ಮಾಡುತ್ತಾರೆ. ಬಿಗಿಯುವುದನ್ನು ತಡಮಾಡುವ ರಾಸಾಯನಿಕ ಬೆರೆಸಿದ್ದರೆ, ಹಾರುಬೂದಿಯ ಪ್ರಮಾಣ ಹೆಚ್ಚಿದ್ದರೆ ಆಗಲೂ ಇದೇ ಎಚ್ಚರ ಬೇಕು.

ಹಾಗೆಂದು ತೀರ ನಿಧಾನವೂ ಸಲ್ಲ. ಕೆಳಗಿನ ಪದರ ಪೂರ್ತಿ ಬಿಗಿದುಕೊಂಡ ಮೇಲೆ ಮೇಲಿನದು ಬಿದ್ದರೆ ಎರಡೂ ಬೆಸೆಯುವುದಿಲ್ಲ. ಅಲ್ಲೊಂದು ಅಡ್ಡ ಸೀಳು ಉಳಿಯುತ್ತದೆ, ಮುಂದೆ ನೆಲಮಾಳಿಗೆಗೆ ನೀರು ಜಿನುಗುವ ದಾರಿ ಅದೇ. ಎರಡನೆಯ ಲಾರಿ ದಾರಿಯಲ್ಲಿ ಸಿಕ್ಕಿಬಿದ್ದು ತಡವಾದರೆ ಇಂಥ ಸೀಳು ಬೀಳುತ್ತದೆ. ಕಲಸಿದ ಹೊತ್ತಿನಿಂದ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕೆಂಬ ನಿಯಮವೂ ಇರುವುದರಿಂದ ಮೂರು ಲಾರಿಗಳನ್ನು ಒಟ್ಟಿಗೆ ಕರೆಸಿ ನಿಲ್ಲಿಸಿಕೊಳ್ಳುವಂತೆಯೂ ಇಲ್ಲ. ಒಳ್ಳೆಯ ಗುತ್ತಿಗೆದಾರ ಒಂದೊಂದು ಸುತ್ತಿಗೆ ಒಂದೊಂದು ಲಾರಿ ಬರುವಂತೆ ಹೊತ್ತು ಗೊತ್ತುಮಾಡಿರುತ್ತಾನೆ.

ಈ ಎರಡು ಅಪಾಯಗಳ ನಡುವೆ ನಾಜೂಕಾಗಿ ನಡೆಯಬೇಕಾದದ್ದು ವೈಬ್ರೇಟರ್ ಹಿಡಿದವನು. ಇಲ್ಲಿ ಬಳಸುವುದು ಒಂದು ಇಂಚಿನ, ಕೆಲವೊಮ್ಮೆ ಅದಕ್ಕಿಂತ ಸಣ್ಣ ಮೂತಿಯದು. ನಮ್ಮ ಸ್ಲ್ಯಾಬಿಗೆ ಬಳಸುವ ದಪ್ಪ ಮೂತಿ ಇಲ್ಲಿ ಕೂಡದು. ಅದರ ಅದುರಿಗೆ ಪಟ್ಟಿಯ ಹಿಡಿತವೇ ಸಡಿಲವಾದೀತು. ಮೂತಿಯನ್ನು ಸರ್‍ರನೆ ಇಳಿಸಬೇಕು, ನಿಧಾನವಾಗಿ ಎಳೆಯಬೇಕು, ಸೆಕೆಂಡಿಗೆ ಮೂರು ಇಂಚಿನಂತೆ. ಹಾಗೆ ಎಳೆಯುವಾಗ ಒಳಗೆ ಸಿಕ್ಕಿದ ಗಾಳಿ ಗುಳ್ಳೆಗಳಾಗಿ ಮೂತಿಯ ಜೊತೆಗೇ ಮೇಲೆ ಬರುತ್ತದೆ. ಗುಳ್ಳೆ ನಿಂತು ಮೇಲ್ಮೈ ತಿಳಿಯಾಗಿ ಹೊಳೆದರೆ ಅಲ್ಲಿಗೆ ಸಾಕು, ಮುಂದಿನ ಜಾಗಕ್ಕೆ ಹೋಗಬೇಕು. ಹೊಸ ಪದರ ಹಳೆಯದಕ್ಕೆ ಬೆಸೆಯಲೆಂದು ಮೂತಿ ಹಳೆಯ ಪದರಕ್ಕೆ ಆರು ಇಂಚು ಇಳಿಯಬೇಕು. ಅದಕ್ಕಿಂತ ಆಳಕ್ಕೆ ಇಳಿಸಿದರೆ, ಅಷ್ಟು ಹೊತ್ತು ಕಾದು ಬಿಗಿಸಿಕೊಂಡ ಕಾಂಕ್ರೀಟ್ ಅದುರಿ ಮತ್ತೆ ದ್ರವವಾಗುತ್ತದೆ. ಕಳೆದುಹೋಗಿದ್ದ ಒತ್ತಡವೆಲ್ಲ ಒಮ್ಮೆಗೇ ಹಿಂದಿರುಗುತ್ತದೆ. ಸುತ್ತು ಸುತ್ತಾಗಿ ಎಚ್ಚರದಿಂದ ತುಂಬಿದ ಗೋಡೆಯೂ ಕೊನೆಯ ಸುತ್ತಿನಲ್ಲಿ ಬುಡದಲ್ಲಿ ಒಡೆಯುವುದಕ್ಕೆ ಇದು ಒಂದು ಮುಖ್ಯ ಕಾರಣ.

ಕಾಂಕ್ರೀಟಿನ ಹದವೂ ಮುಖ್ಯ. ಹದ ನೋಡುವ ಸ್ಲಂಪ್ ಪರೀಕ್ಷೆಯನ್ನು ನಮ್ಮೂರಿನ ದೊಡ್ಡ ಕೆಲಸಗಳಲ್ಲೂ ಕಾಣಬಹುದು. ಒಂದು ಅಡಿ ಎತ್ತರದ ತಗಡಿನ ಶಂಕುವಿಗೆ ಕಾಂಕ್ರೀಟ್ ತುಂಬಿ, ಸರಳಿನಿಂದ ಕುಟ್ಟಿ, ಶಂಕುವನ್ನು ಮೆಲ್ಲನೆ ಮೇಲೆತ್ತುತ್ತಾರೆ. ರಾಶಿ ಎಷ್ಟು ಕುಸಿಯಿತು ಎಂಬುದೇ ಸ್ಲಂಪ್. ಈ ಗೋಡೆಗಳಿಗೆ ಐದರಿಂದ ಆರು ಇಂಚು ಕುಸಿದರೆ ಹದ ಸರಿ. ಅದಕ್ಕಿಂತ ಗಟ್ಟಿಯಿದ್ದರೆ ಅಡ್ಡ ಕಂಬಿಯ ಕೆಳಗೆ, ಕಿಟಕಿಯ ತಳದಲ್ಲಿ ಕಾಂಕ್ರೀಟ್ ಇಳಿಯದೆ ಪೊಳ್ಳು ಉಳಿಯುತ್ತದೆ. ತೀರ ತೆಳುವಾದರೆ ಜಲ್ಲಿ ಕೆಳಗೆ, ತಿಳಿ ಮೇಲೆ ಎಂದು ಬೇರೆಯಾಗುತ್ತದೆ, ಒತ್ತಡವೂ ಹೆಚ್ಚುತ್ತದೆ. ಆರು ಇಂಚಿನ ಗೋಡೆಗೆ ಹತ್ತು ಮಿಲಿಮೀಟರಿನ ಸಣ್ಣ ಜಲ್ಲಿ ಒಳ್ಳೆಯದು, ಎಂಟು ಇಂಚು ಅಥವಾ ಮೇಲಿನದಕ್ಕೆ ಇಪ್ಪತ್ತು ಮಿಲಿಮೀಟರಿನವರೆಗೂ ನಡೆಯುತ್ತದೆ. ಹದ ಗಟ್ಟಿಯೆನಿಸಿದಾಗ ಲಾರಿಯ ಡ್ರಮ್ಮಿಗೆ ಪೈಪ್ ಬಿಟ್ಟು ನೀರು ಸುರಿಯುವ ಚಾಳಿ ಎಲ್ಲ ದೇಶದಲ್ಲೂ ಇದೆ. ಅದನ್ನು ಕಂಡರೆ ನಿಲ್ಲಿಸಲೇಬೇಕು. ನೀರು ಹೆಚ್ಚಾದಷ್ಟೂ ಗಟ್ಟಿತನ ಇಳಿಯುತ್ತದೆ. ಹದ ಸಡಿಲಿಸಲು ಅದಕ್ಕೆಂದೇ ಇರುವ ರಾಸಾಯನಿಕ ಸಿಗುತ್ತದೆ, ಅದನ್ನು ಹಾಕುವುದು ರೆಡಿಮಿಕ್ಸ್‌ನವರ ಕೆಲಸ.

ಪಂಪಿನ ಪೈಪಿನ ತುದಿ ಎರಡು ಕಡೆ ಬಾಗಿ ಹಾವಿನಂತೆ ಇದ್ದದ್ದನ್ನು ನೀವು ವಿಡಿಯೊದಲ್ಲಿ ಗಮನಿಸಿರಬಹುದು. ಎತ್ತರದಿಂದ ಧುಮುಕುವ ಕಾಂಕ್ರೀಟಿನ ಓಟವನ್ನು ಆ ಎರಡು ತಿರುವುಗಳು ಮುರಿಯುತ್ತವೆ. ಪೈಪಿನ ಬಾಯಿಯನ್ನೂ ಎರಡು ಮೂರು ಇಂಚಿಗೆ ಕಿರಿದು ಮಾಡಿರುತ್ತಾರೆ. ಭಾರತದ ಐಎಸ್ 456 ಸಂಹಿತೆ ಕೂಡ ಕಾಂಕ್ರೀಟನ್ನು ಒಂದೂವರೆ ಮೀಟರಿಗಿಂತ ಎತ್ತರದಿಂದ ಬೀಳಿಸಬಾರದು ಎನ್ನುತ್ತದೆ.

ಮೂಲೆಗಳಲ್ಲಿ ಇನ್ನೊಂದು ಎಚ್ಚರ. ಅಲ್ಲಿ ಹೊರಮುಖವನ್ನು ಒಳಕ್ಕೆ ಎಳೆದು ಹಿಡಿಯುವ ಪಟ್ಟಿಗಳು ವಿರಳ. ಹಾಗಾಗಿ ನೇರ ಮೂಲೆಗೆ ಸುರಿಯದೆ ಮೂರು ಅಡಿ ಈಚೆಗೆ ಸುರಿದು ಕಾಂಕ್ರೀಟ್ ತಾನಾಗಿ ಹರಿದು ಮೂಲೆ ಸೇರುವಂತೆ ಮಾಡುತ್ತಾರೆ, ಹೊರಗಿನಿಂದ ಪಟ್ಟಿಯೋ ಮರದ ಆಸರೆಯೋ ಕೊಟ್ಟಿರುತ್ತಾರೆ. ಕಿಟಕಿಯ ಚೌಕಟ್ಟಿನ ಎರಡೂ ಪಕ್ಕ ಸಮನಾಗಿ ಏರಿಸುತ್ತಾರೆ, ಇಲ್ಲದಿದ್ದರೆ ಚೌಕಟ್ಟು ಒಂದು ಕಡೆಗೆ ವಾಲುತ್ತದೆ. ಕಿಟಕಿಯ ತಳಕ್ಕೆ ಕಾಂಕ್ರೀಟ್ ಮುಟ್ಟಲೆಂದು ಚೌಕಟ್ಟಿನ ಕೆಳಪಟ್ಟಿಯಲ್ಲಿ ತೂತುಗಳನ್ನು ಬಿಟ್ಟಿರುತ್ತಾರೆ. ಅಲ್ಲಿಂದಲೇ ತುಂಬಿ, ವೈಬ್ರೇಟರ್ ಆಡಿಸಿ, ಆಮೇಲೆ ಮುಚ್ಚುತ್ತಾರೆ.

ಗೋಡೆಯ ಒಳಬದಿಗೆ ಐದಾರು ಅಡಿಗೊಂದು ಉಕ್ಕಿನ ಕಂಬ ನಿಲ್ಲಿಸಿ ಓರೆ ಆಸರೆ ಕೊಟ್ಟಿರುತ್ತಾರೆ. ಆಸರೆಯಲ್ಲಿ ತಿರುಗಿಸುವ ಸ್ಕ್ರೂ ಇರುತ್ತದೆ. ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ಕಾಂಕ್ರೀಟ್ ಏರುತ್ತಿದ್ದಂತೆ ಗೋಡೆ ದಾರದಿಂದ ಎಷ್ಟು ಸರಿಯಿತೆಂದು ನೋಡುತ್ತ ಸ್ಕ್ರೂ ತಿರುಗಿಸಿ ನೆಟ್ಟಗೆ ಮಾಡುತ್ತಾರೆ. ತುಂಬುವ ಮುನ್ನ ಗೋಡೆಯನ್ನು ಕೂದಲೆಳೆಯಷ್ಟು ಒಳಕ್ಕೇ ವಾಲಿಸಿಟ್ಟುಕೊಳ್ಳುವವರೂ ಇದ್ದಾರೆ. ತುಂಬಿದ ಗೋಡೆಯನ್ನು ಹೊರಕ್ಕೆ ದೂಡುವುದು ಸುಲಭ, ಒಳಕ್ಕೆ ಎಳೆಯುವುದು ಕಷ್ಟ.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಹಲಗೆ ಬಿರಿಯುತ್ತದೆ. ಬಹಳ ಸಲ ಅದು ಬ್ಲಾಕನ್ನು ಕತ್ತರಿಸಿ ಜೋಡಿಸಿದ ಕಡೆ ಆಗುತ್ತದೆ. ಕತ್ತರಿಸಿದ ತುಂಡಿನ ಅಂಚಿನಲ್ಲಿ ಪಟ್ಟಿ ಇಲ್ಲದೆ ಹೋಗಿರುತ್ತದೆ. ಆ ಸಂದುಗಳಿಗೆ ಮೊದಲೇ ಹೊರಗಿನಿಂದ ಪ್ಲೈವುಡ್ ತುಂಡು ಹೊಡೆದು ಬಿಗಿಮಾಡಿರಬೇಕು. ಬಿರಿಯಿತೆಂದರೆ ಗಾಬರಿ ಬೇಡ. ಪಂಪನ್ನು ಬೇರೆ ಕಡೆಗೆ ಸರಿಸಬೇಕು, ಸೋರಿದ ಕಾಂಕ್ರೀಟನ್ನು ಸಲಿಕೆಯಿಂದ ತೆಗೆಯಬೇಕು, ಹಲಗೆಯನ್ನು ಸ್ವಸ್ಥಾನಕ್ಕೆ ಒತ್ತಿ ಎರಡಡಿ ಚೌಕದ ಪ್ಲೈವುಡ್ಡನ್ನು ಪಕ್ಕದ ಪಟ್ಟಿಗಳಿಗೆ ಸ್ಕ್ರೂ ಹಾಕಿ ಬಿಗಿದು ಆಸರೆ ಕೊಡಬೇಕು. ಆ ಜಾಗಕ್ಕೆ ಕೊನೆಯ ಸುತ್ತಿನಲ್ಲಿ ಮತ್ತೆ ಬರಬಹುದು. ಕತ್ತರಿಸಿದ ಪ್ಲೈವುಡ್, ಸ್ಕ್ರೂ, ಡ್ರಿಲ್, ಮರದ ತುಂಡುಗಳನ್ನು ಕೈಗೆಟಕುವಂತೆ ಇಟ್ಟುಕೊಂಡೇ ಪಂಪ್ ಶುರುಮಾಡುವವನು ಕೆಲಸ ಬಲ್ಲವನು.

ಇನ್ನು ನೀರು ಹಾಕದಿರುವ ವಿಷಯ. ನಾವು ಗೋಣಿಚೀಲ ಸುತ್ತಿ, ಬೆಳಗ್ಗೆ ಸಂಜೆ ನೀರು ಹಾಕುವುದು ಕಾಂಕ್ರೀಟ್ ಒಣಗಬಾರದೆಂದು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದ ಅಲ್ಲ, ನೀರಿನೊಡನೆ ಕೂಡಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಬಿಸಿಲಿಗೂ ಗಾಳಿಗೂ ತೆರೆದ ಕಾಂಕ್ರೀಟಿನ ನೀರು ಆರಿಹೋಗುತ್ತದೆ, ಆದ್ದರಿಂದ ಮೇಲಿನಿಂದ ಕೊಡುತ್ತೇವೆ. ಈ ಗೋಡೆಯಲ್ಲಿ ಎರಡೂ ಕಡೆ ಥರ್ಮಾಕೋಲ್ ಮುಚ್ಚಿರುವುದರಿಂದ ಕಲಸಿದ ನೀರು ಒಳಗೇ ಉಳಿದು ವಾರಗಟ್ಟಲೆ ಕೆಲಸ ಮಾಡುತ್ತದೆ. ಆ ಕ್ರಿಯೆಯಲ್ಲಿ ಹುಟ್ಟುವ ಕಾವೂ ಒಳಗೇ ಉಳಿಯುತ್ತದೆ. ಹೊಸ ಕಾಂಕ್ರೀಟಿಗೆ ಒಂದು ಚದರ ಸೆಂಟಿಮೀಟರಿಗೆ 35 ಕೆಜಿ ತಡೆಯುವಷ್ಟು ಶಕ್ತಿ ಬರುವ ಮೊದಲೇ ಅದು ಹೆಪ್ಪುಗಟ್ಟಿದರೆ ಮುಂದೆಂದೂ ಸರಿಹೋಗದಷ್ಟು ಕೆಡುತ್ತದೆ. ಕೆನಡಾದ ಚಳಿಯಲ್ಲಿ ಥರ್ಮಾಕೋಲ್ ಆ ಅಪಾಯದಿಂದ ಕಾಪಾಡುತ್ತದೆ. ತೆರೆದಿರುವ ಗೋಡೆಯ ತಲೆಯನ್ನು ಮಾತ್ರ ಹೊದಿಕೆ ಹೊದಿಸಿ ಬೆಚ್ಚಗಿಡಬೇಕು.

ಈ ವಿಧಾನಕ್ಕೊಂದು ದೊಡ್ಡ ಕೊರತೆಯೂ ಇದೆ, ಅದನ್ನು ಮುಚ್ಚಿಡಬಾರದು. ಹಲಗೆ ಬಿಚ್ಚಿದಾಗ ನಮ್ಮ ಗೋಡೆಯಲ್ಲಿ ಜೇನುಗೂಡಿನಂತೆ ತೂತು ಬಿದ್ದಿದ್ದರೆ ಕಣ್ಣಿಗೆ ಕಾಣುತ್ತದೆ, ಮೇಸ್ತ್ರಿಗೆ ಹೇಳಿ ಸರಿಮಾಡಿಸುತ್ತೇವೆ. ಇಲ್ಲಿ ಹಲಗೆ ಬಿಚ್ಚುವ ಪ್ರಶ್ನೆಯೇ ಇಲ್ಲ. ಪೊಳ್ಳಿದ್ದರೆ ಅದು ಒಳಗೇ ಉಳಿಯುತ್ತದೆ. ಹಾಗಾಗಿ ಸಂಶಯವಿದ್ದ ಕಡೆ, ಅಂದರೆ ಕಿಟಕಿಯ ತಳ, ಕಂಬಿ ಒತ್ತಾಗಿರುವ ಜಾಗ, ಲಿಂಟಲ್‌ಗಳಲ್ಲಿ ಥರ್ಮಾಕೋಲಿನ ಒಂದು ತುಂಡು ಕತ್ತರಿಸಿ ತೆಗೆದು ನೋಡಿ ಮತ್ತೆ ಅಂಟಿಸಬಹುದು. ಕಾಂಕ್ರೀಟ್ ಇನ್ನೂ ಕಾವಿನಲ್ಲಿರುವಾಗ ಶಾಖ ತೋರಿಸುವ ಕ್ಯಾಮೆರಾದಲ್ಲಿ ನೋಡಿದರೆ ಪೊಳ್ಳಿರುವ ಜಾಗ ತಣ್ಣಗಿನ ಕಲೆಯಾಗಿ ಕಾಣುತ್ತದೆ. ತುಂಬುವ ಮೊದಲು ಕಂಬಿಗಳ ಫೋಟೊ ತೆಗೆದಿಟ್ಟಿದ್ದರೆ, ಪ್ರತಿ ಲಾರಿಯ ಚೀಟಿಯನ್ನು ಜೋಪಾನ ಮಾಡಿದ್ದರೆ ಮುಂದೆ ಯಾವ ತಕರಾರು ಬಂದರೂ ಅವೇ ಸಾಕ್ಷಿ. ಆ ಚೀಟಿಯಲ್ಲಿ ಕಲಸಿದ ಹೊತ್ತು, ಹದ, ಗಟ್ಟಿತನ ಎಲ್ಲವೂ ನಮೂದಾಗಿರುತ್ತವೆ.

ನಿಮ್ಮ ಮಗಳು–ಅಳಿಯ ಮುಂದೆ ಗಮನಿಸಬೇಕಾದದ್ದು ಮೂರು. ಮೊದಲನೆಯದು, ನೆಲಮಾಳಿಗೆಯ ಮೇಲಿನ ನೆಲ ಕೂರುವ ಮೊದಲು ಹೊರಗಿನಿಂದ ಮಣ್ಣು ತುಂಬಿಸಬಾರದು. ತಲೆ ಹಿಡಿತವಿಲ್ಲದ ಗೋಡೆಯನ್ನು ಮಣ್ಣು ಒಳಕ್ಕೆ ದೂಡುತ್ತದೆ. ಎರಡನೆಯದು, ನೀರು ತಡೆಗೆ ಹೊರಮುಖಕ್ಕೆ ಅಂಟುವ ಹಾಳೆಯನ್ನೇ ಹಾಕಿಸಬೇಕು. ಪೆಟ್ರೋಲಿನಂಥ ದ್ರಾವಕ ಬೆರೆತ ಡಾಂಬರು ಬಳಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ಮೂರನೆಯದು ಬೆಂಕಿ. ಥರ್ಮಾಕೋಲ್ ಸುಟ್ಟರೆ ಕಪ್ಪು ಹೊಗೆ ಬರುತ್ತದೆ. ಒಳಮುಖವನ್ನು ಅರ್ಧ ಇಂಚಿನ ಜಿಪ್ಸಮ್ ಬೋರ್ಡಿನಿಂದ ಮುಚ್ಚಲೇಬೇಕೆಂದು ಅಲ್ಲಿನ ಕಟ್ಟಡ ನಿಯಮಗಳು ಹೇಳುವುದು ಅದಕ್ಕೇ. ನೆಲಮಾಳಿಗೆಯನ್ನು ಸಾಮಾನು ಇಡಲು ಮಾತ್ರ ಬಳಸುತ್ತೇವೆ, ಬೋರ್ಡ್ ಆಮೇಲೆ ನೋಡೋಣ ಎಂದು ಮುಂದೂಡುವುದು ಬೇಡ.

ಇಂಥ ಗೋಡೆ ನಮ್ಮಲ್ಲೂ ಬರಬೇಕೇ ಎಂದು ಕೆಲವರು ಕೇಳುತ್ತಾರೆ. ತಿಪಟೂರಿನ ಹವೆಗೆ ಐದು ಇಂಚು ಥರ್ಮಾಕೋಲಿನ ಅಗತ್ಯ ಇಲ್ಲವೆಂದೇ ನನ್ನ ಅಭಿಪ್ರಾಯ. ನಮ್ಮ ಸೆಕೆ ಹೆಚ್ಚಾಗಿ ಸೂರಿನಿಂದ ಇಳಿಯುವುದು. ಮೇಲಾಗಿ ನಮ್ಮ ಮಣ್ಣಿನಲ್ಲಿ ಗೆದ್ದಲಿನ ಕಾಟ. ಗೆದ್ದಲು ಥರ್ಮಾಕೋಲನ್ನು ತಿನ್ನದಿದ್ದರೂ ಅದರೊಳಗೆ ಮರೆಯಲ್ಲಿ ದಾರಿ ಕೊರೆದುಕೊಂಡು ಮನೆಯ ಮರಕ್ಕೆ ಏರಬಲ್ಲದು. ಅಮೆರಿಕದಲ್ಲೂ ಗೆದ್ದಲು ವಿಪರೀತ ಇರುವ ದಕ್ಷಿಣದ ಪ್ರದೇಶಗಳಲ್ಲಿ ನೆಲದೊಳಗೆ ಥರ್ಮಾಕೋಲ್ ಬಳಸುವುದಕ್ಕೆ ಕಟ್ಟುಪಾಡುಗಳಿವೆ.

ಆದರೆ ಆ ಮೂರು ಸುತ್ತಿನ ಪಾಠ ನಮಗೂ ಬೇಕು. ಈಗ ನಮ್ಮ ಸಣ್ಣ ಊರುಗಳಿಗೂ ರೆಡಿಮಿಕ್ಸ್ ಲಾರಿ, ಪಂಪ್ ಬಂದಿವೆ. ಬಾಣಲಿಯಲ್ಲಿ ಹೊತ್ತು ಹಾಕುತ್ತಿದ್ದ ಕಾಲದಲ್ಲಿ ಕಾಂಕ್ರೀಟ್ ತಾನಾಗಿ ನಿಧಾನವಾಗಿ ಏರುತ್ತಿತ್ತು, ಹಲಗೆಗೆ ಬಿಡುವು ಸಿಗುತ್ತಿತ್ತು. ಅದೇ ಹಲಗೆ, ಅದೇ ಆಸರೆ ಇಟ್ಟುಕೊಂಡು ಸಂಪಿನ ಗೋಡೆಗೋ ತಡೆಗೋಡೆಗೋ ಪಂಪಿನಿಂದ ಹತ್ತು ನಿಮಿಷದಲ್ಲಿ ಸುರಿದರೆ ಹಲಗೆ ಕಿತ್ತು ಕಾಂಕ್ರೀಟೆಲ್ಲ ಗುಂಡಿಗೆ ಬೀಳುತ್ತದೆ. ಆಗ ಹಲಗೆ ಸರಿಯಿಲ್ಲ, ಬಡಗಿ ಸರಿಯಿಲ್ಲ ಎಂದು ದೂರುತ್ತೇವೆ. ಗುಂಡಿಯೊಳಗೆ ಇಳಿದು ವೈಬ್ರೇಟರ್ ಹಿಡಿದ ಕೂಲಿಯವನ ಜೀವಕ್ಕೇ ಅದು ಸಂಚಕಾರ. ನಿಮ್ಮ ಮನೆಯಲ್ಲಿ ಸಂಪು ಕಟ್ಟಿಸುವಾಗ ಮೇಸ್ತ್ರಿಯನ್ನು ಕೂರಿಸಿ ಒಂದು ಮಾತು ಹೇಳಿ: ನಾಲ್ಕೂ ಗೋಡೆಗೆ ಸುತ್ತು ಬಂದು ಹಾಕಿ, ಗಂಟೆಗೆ ನಾಲ್ಕು ಅಡಿಗಿಂತ ಹೆಚ್ಚು ಏರಿಸಬೇಡಿ, ಥಂಡಿಯ ದಿನವಾದರೆ ಇನ್ನೂ ನಿಧಾನ. ಲಾರಿಯವನು ಅವಸರ ಮಾಡುತ್ತಾನೆ, ಪಂಪಿನವನು ಇನ್ನೊಂದು ಕೆಲಸಕ್ಕೆ ಹೊರಡಬೇಕು ಎನ್ನುತ್ತಾನೆ. ಅವರಿಬ್ಬರ ಬಾಡಿಗೆ ಒಂದು ಗಂಟೆ ಹೆಚ್ಚಾದರೂ ಕೊಡಿ. ಒಡೆದ ಗೋಡೆಯನ್ನು ಕಿತ್ತು ಮತ್ತೆ ಕಟ್ಟುವ ಖರ್ಚಿನ ಮುಂದೆ ಅದು ಏನೂ ಅಲ್ಲ, ಒಂದು ಜೀವದ ಮುಂದಂತೂ ಲೆಕ್ಕಕ್ಕೇ ಇಲ್ಲ.